ಪತ್ತೆಯ ಮಿತಿಗಿಂತ ಕೆಳಗೆ

ಹಡಗಿನ ಹಿಂಬದಿಯಿಂದ ಉಕ್ಕಿನ ಕೊಳವೆ ಇಳಿಬಿಟ್ಟೆವು.
ನಲವತ್ತು ಮೀಟರಿಗೆ ಹಗ್ಗ ಸಡಿಲಾಯಿತು:
ತಳ ಮುಟ್ಟಿತು ಅಂತ ಅರ್ಥ.
ಆಗಸ್ಟು. ಕಾರಾ ಸಮುದ್ರ. ಹೆಸರಿಗಷ್ಟೇ ಬೇಸಿಗೆ,
ಹಗ್ಗದಿಂದಿಳಿವ ನೀರು ಬೆರಳು ಕಚ್ಚುವ ಬೇಸಿಗೆ.

ಮೇಲೆ ಬಂದದ್ದು ಕೆಸರು. ಬೂದು, ಜಿಡ್ಡು,
ಏನೂ ತಿಳಿಯದವರ ಮುಖದ ಹಾಗೆ.
ಸೆಂಟಿಮೀಟರಿಗೊಂದು ತುಂಡು ಕೊಯ್ದೆ
ರೈ ರೊಟ್ಟಿ ಕೊಯ್ದಂತೆ. ತುಂಡಿಗೆ ಐದು ವರ್ಷ:
ಇದು ನನ್ನ ಶಾಲೆ, ಇದು ಅಮ್ಮನ ಮದುವೆ,
ಈ ಹನ್ನೊಂದನೆಯದು ಯೆರ್ಮೊಲಾಯ್ ಅಜ್ಜನ ನೌಕರಿ.
ಚೀಲಕ್ಕೆ ತುಂಬಿ ನಂಬರು ಬರೆದೆ.

ಅವರು ನನ್ನ ಅಜ್ಜನಲ್ಲ.
ಮುರ್ಮನ್ಸ್ಕಿನಲ್ಲಿ ನಮ್ಮ ಮೇಲಿನ ಮಹಡಿಯವರು.
ಲಿಫ್ಟು ಕೆಟ್ಟ ದಿನ ಅವರ ಆಲೂಗಡ್ಡೆ ಮೂಟೆ ಹೊತ್ತುಕೊಟ್ಟೆ,
ಕೂಲಿ ಕೊಟ್ಟಂತೆ ಇಷ್ಟು ಹೇಳಿದರು:

"ಮುಳುಗಲಿಲ್ಲ ಕಣೇ ಅಗ್ನಿಯಾ.
ನೂಕಿದೆವು, ಎದ್ದು ಬಂದವು.
ಅಲೆಯ ಮೇಲೆ ತಲೆದೂಗುತ್ತ ನಮ್ಮ ಹಿಂದೆ ಹಿಂದೆಯೇ
ಹಾಲು ಸಿಗದ ಕರು ಬಂದ ಹಾಗೆ ಬಂದವು ಬ್ಯಾರೆಲ್ಲು.
ಲೆಫ್ಟಿನೆಂಟ್ ಬಂದೂಕು ತರಿಸಿದ.
ನನ್ನ ಗುರಿ ಚೆನ್ನಾಗಿತ್ತು.
ತೂತು ಬಿತ್ತು, ನೀರು ಕುಡಿದವು, ಇಳಿದವು.
ಪುಸ್ತಕದಲ್ಲಿ 'ಮುಳುಗಿಸಲಾಯಿತು' ಅಂತ ಬರೆದರು.
ತೂತಿನ ಲೆಕ್ಕ ಬರೆಯಲಿಲ್ಲ.
ನನಗಾಗ ಇಪ್ಪತ್ತು. ರಾತ್ರಿ ಮಾಂಸದ ಡಬ್ಬಿ ಒಡೆದರು,
ತಲೆಗೊಂದು ಚಾಕೊಲೇಟು."

ಪ್ರಯೋಗಾಲಯದ ನೆಲಮಾಳಿಗೆಯಲ್ಲಿ ಸೀಸದ ಗೂಡು.
ಹೊಸ ಸೀಸ ಆಗುವುದಿಲ್ಲ, ಅದರೊಳಗೂ ಮಿಣುಕು ಇರುತ್ತದೆ.
ಎಂದೋ ಮುಳುಗಿದ ಹಡಗಿನದು ಬೇಕು,
ಇನ್ನೂರು ವರ್ಷ ನೀರಡಿ ಮಲಗಿ
ಚಡಪಡಿಕೆಯೆಲ್ಲ ಕಳೆದುಕೊಂಡದ್ದು.
ಕಡಲು ಅದನ್ನು ತಣಿಸಿ ನಮಗೆ ಕೊಟ್ಟಿತು.
ಆ ಗೋಡೆಯೊಳಗಿಟ್ಟು ಎಣಿಸುತ್ತೇನೆ
ಕಡಲಿಗೆ ನಾವು ಕೊಟ್ಟದ್ದನ್ನು.

ಎಣಿಕೆಗೆ ಒಂದು ಹಗಲು, ಒಂದು ರಾತ್ರಿ.
ಸಿನಿಮಾದ ಕಟಕಟ ಸದ್ದೇನೂ ಇಲ್ಲ.
ಪರದೆಯ ಮೇಲೆ ಒಂದು ಚುಕ್ಕಿ.
ಬಹಳ ಹೊತ್ತು ಏನಿಲ್ಲ.

ಇನ್ನೊಂದು.

ಚುಕ್ಕಿ ಸೇರಿ ಸೇರಿ ಗುಡ್ಡವೆದ್ದರೆ ಅದು ಸೀಸಿಯಂ.
ಅದರ ಅರ್ಧಾಯುಸ್ಸು ಮೂವತ್ತು ವರ್ಷ.
ಮೂವತ್ತಕ್ಕೆ ಅರ್ಧ ಸಾಯುತ್ತದೆ, ಅರವತ್ತಕ್ಕೆ ಉಳಿದದ್ದರಲ್ಲಿ ಅರ್ಧ,
ಪೂರ್ತಿ ಸಾಯುವ ದಿನ ಯಾವ ಕ್ಯಾಲೆಂಡರಿನಲ್ಲೂ ಇಲ್ಲ.
ಅಜ್ಜನದೂ ಅದೇ ಕ್ರಮ:
ಒಂದು ಕಿವಿ ಹೋಗಿದೆ, ಎಡಗಣ್ಣಿಗೆ ಪೊರೆ,
ಗುರಿಯ ಕಣ್ಣು ಇನ್ನೂ ನಿಚ್ಚಳ.

ಒಂದನೆಯ ತುಂಡು: ಪತ್ತೆಯ ಮಿತಿಗಿಂತ ಕೆಳಗೆ.
ಎರಡನೆಯದು: ಪತ್ತೆಯ ಮಿತಿಗಿಂತ ಕೆಳಗೆ.
ಹಾಗೇ ಹತ್ತರವರೆಗೆ, ಬೆಳಗಿನ ಪ್ರಾರ್ಥನೆಯ ಹಾಗೆ.
ಹನ್ನೊಂದನೆಯದರಲ್ಲಿ ಗುಡ್ಡವಲ್ಲ, ದಿಬ್ಬ.
ಮುಖ್ಯಸ್ಥರು ಕನ್ನಡಕ ಏರಿಸಿದರು:
ಹಳೆಯ ಬಾಂಬು ಪರೀಕ್ಷೆಗಳ ಬೂದಿಯೂ ಇರಬಹುದು.
ಇರಬಹುದು.
'ಇಲ್ಲ' ಎಂದು ಬರೆಯುವ ಹಕ್ಕು ನನಗಿಲ್ಲ,
'ಇದೆ' ಎನ್ನಲು ಚುಕ್ಕಿ ಸಾಲದು.
ಅಂಕಿಯ ಪಕ್ಕ ಕೂಡು-ಕಳೆ ಚಿಹ್ನೆ ಹಾಕಿದೆ,
ಇಬ್ಬರೂ ಅದರ ಕೆಳಗೆ ಸಹಿ ಮಾಡಿದೆವು.

ಸಂಜೆ ಮೆಟ್ಟಿಲು ಹತ್ತಿ ಹೋದೆ.
ಅಜ್ಜ ಕಾಡ್ ಮೀನು ಹಸನು ಮಾಡುತ್ತಿದ್ದರು,
ತಲೆ ಬೆಕ್ಕಿಗೆ, ಯಕೃತ್ತು ಬಾಣಲೆಗೆ.
ಕೇಳುವ ಮೊದಲೇ ಹೇಳಿದೆ,
"ಮೀನು ತಿನ್ನಬಹುದು. ಈ ವರ್ಷ ಸೋರಿದ್ದು ಕಾಣಲಿಲ್ಲ."
"ಅದಲ್ಲವೇ," ಅಂದರು, ಚಾಕು ಒರೆಸುತ್ತ,
"ಬರುವ ವರ್ಷ ಕ್ಯಾಮೆರಾ ಇಳಿಸುತ್ತೀರಂತೆ.
ನನ್ನವು ಯಾವುವು ಅಂತ ನೋಡುತ್ತೀಯಾ?
ಉಳಿದವರು ಎಲ್ಲೆಂದರಲ್ಲಿ ಹೊಡೆದರು.
ನಾನು ಮೇಲಿನ ಪಟ್ಟಿಯಿಂದ ಒಂದು ಗೇಣು ಕೆಳಗೆ,
ಸರಿಯಾಗಿ ನಡುವೆ. ಎರಡೆರಡು ಗುಂಡು.
ಒಂದೇ ತೂತಿನ ಹಾಗೆ ಕಾಣಬೇಕು."

ಕೆಳಗಿಳಿದು ಬಂದು
ಮುಂದಿನ ಆಗಸ್ಟಿನ ಕೆಲಸದ ಪಟ್ಟಿ ತೆಗೆದೆ.
ಕೊಳವೆ, ಚೀಲ, ಹಗ್ಗ, ಬ್ಯಾಟರಿ,
ಅದರಡಿ ಪೆನ್ಸಿಲ್ಲಿನಲ್ಲಿ:
ಮೇಲಿನ ಪಟ್ಟಿಯಿಂದ ಒಂದು ಗೇಣು.